ಪಿಟಿ ಮಾಸ್ಟ್ರನ್ನು ಕೇಳಿ: ಜೂನ್ ಬಂತು, ಕಾನ್ವೆಂಟ್ ಮಕ್ಕಳು ರೆಡಿಯಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಶಾಲೆ ಶುರುವಾಗ್ತಾ ಉಂಟು, ಮಗು ಕಾನ್ವೆಂಟಿಗೋ ಮಿಶನ್ ಶಾಲೆಗೋ ಹೋಗ್ತದೆ, ಆಟದಲ್ಲೂ ಉಂಟು, ಓದ್ಲಿಕ್ಕೂ ಉಂಟು, ಎಲ್ಲಿಂದ ಶುರು ಮಾಡುದು ಅಂತ. ನಾನು ದಕ್ಷಿಣ ಕನ್ನಡದ ಒಂದು ಅನುದಾನಿತ ಚರ್ಚ್ ಶಾಲೆಯಲ್ಲಿ ಪಿಟಿ ಮಾಸ್ಟ್ರಾಗಿದ್ದು ರಿಟೈರ್ ಆದವ, ಹಾಗಾಗಿ ಉತ್ತರದಲ್ಲಿ ನಮ್ಮ ಕಡೆಯ ಮಳೆಯೂ ನಮ್ಮ ಕಡೆಯ ಭಾಷೆಯೂ ಸ್ವಲ್ಪ ಜಾಸ್ತಿ ಇರ್ತದೆ, ಅಡ್ಜಸ್ಟ್ ಮಾಡ್ಕೊಳ್ಳಿ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮಗಳು ಈ ವರ್ಷ ಎಂಟನೇ ಕ್ಲಾಸ್, 200 ಮತ್ತು 400 ಮೀಟರ್ ಓಡ್ತಾಳೆ. ರಜೆಯಲ್ಲಿ ಅಜ್ಜಿ ಮನೆಗೆ ಹೋಗಿ ಹಲಸು ಮಾವು ತಿಂದು ಮಲಗಿದ್ದೇ ಬಂತು, ಒಂದು ದಿನ ಓಡಿಲ್ಲ. ಶಾಲೆಯಲ್ಲಿ ಸಿಸ್ಟರ್ ಹೇಳ್ತಾರೆ ಈ ಸಲ ಜಿಲ್ಲೆಗೆ ಹೋಗ್ಲೇಬೇಕು ಅಂತ. ಮಳೆ ಬೇರೆ ಶುರುವಾಯ್ತು. ಎಂತ ಮಾಡುದು ಸರ್?
(ಒಬ್ಬ ತಾಯಿ, ಬಂಟ್ವಾಳ)

ಅಮ್ಮಾ, ಹಲಸು ತಿಂದದ್ದಕ್ಕೆ ಬೇಜಾರು ಮಾಡ್ಬೇಡಿ, ಅದು ಒಳ್ಳೇದೇ. ತೊಂದರೆ ಇರುದು ಶಾಲೆಯ ಕ್ಯಾಲೆಂಡರಿನಲ್ಲಿ. ನೀವೇ ನೋಡಿ, ಜೂನ್ ಮೊದಲ ವಾರ ಪ್ರಾರಂಭೋತ್ಸವ, ಹೊಸ ಶಾಲಾ ವರ್ಷಕ್ಕೆ ಬಲಿಪೂಜೆ (ಚರ್ಚಿನ ಮಾಸ್), ಆಮೇಲೆ ಪುಸ್ತಕ, ಯೂನಿಫಾರ್ಮ್, ಲೀಡರ್ ಎಲೆಕ್ಷನ್, ಗೆದ್ದ ಲೀಡರುಗಳಿಗೆ ಪ್ರಮಾಣವಚನದ ಇನ್ವೆಸ್ಟಿಚರ್. ಜೂನ್ 21ಕ್ಕೆ ಯೋಗ ದಿನ, ಜೆಸ್ವಿಟ್ ಶಾಲೆಯಾದ್ರೆ ಅದೇ ದಿನ ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬವೂ ಬರ್ತದೆ. ಇದೆಲ್ಲ ಮುಗಿದು ಉಸಿರು ಬಿಡುವಷ್ಟರಲ್ಲಿ ವಲಯ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂದಾಯ್ತು. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಐದು ಮೆಟ್ಟಿಲು, ಅದ್ರಲ್ಲಿ ಮೊದಲ ಎರಡು ಮೆಟ್ಟಿಲು ಮಳೆಗಾಲದಲ್ಲೇ ಮುಗೀತದೆ. ಅಂದ್ರೆ ಮಕ್ಕಳ ಮೈ ತಯಾರಾಗುವ ಮೊದಲೇ ಸೆಲೆಕ್ಷನ್ ಆಗಿ ಹೋಗಿರ್ತದೆ, ಇದು ನನ್ನ ಸರ್ವೀಸ್ ಪೂರ್ತಿ ಇದ್ದ ತಲೆನೋವು.

ಈಗ ಮಾಡ್ಬೇಕಾದ್ದು ಇಷ್ಟು. ಮೊದಲ ಎರಡು ವಾರ ವೇಗದ ಓಟ ಬೇಡವೇ ಬೇಡ, ಸ್ಪೈಕ್ಸ್ (ಮೊಳೆ ಇರುವ ಓಟದ ಶೂ) ಅಟ್ಟದಲ್ಲೇ ಇರ್ಲಿ. ಸುಮ್ನೆ 20 ನಿಮಿಷ ನಿಧಾನಕ್ಕೆ ಓಡ್ಲಿ, ಆಗದಿದ್ರೆ ಜೋರು ನಡೀಲಿ, ಮಾತಾಡ್ತಾ ಓಡ್ಲಿಕ್ಕೆ ಆಗ್ಬೇಕು ಅಷ್ಟೇ. ಮಳೆ ಬಂದ್ರೆ ಹಗ್ಗದಾಟ, ಮೆಟ್ಟಿಲು ಹತ್ತುದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಹಾಗೆ ಕೂತ್ಕೊಳ್ಳುದು. ಹಳೇ ಚರ್ಚ್ ಶಾಲೆಗಳಲ್ಲಿ ಒಂದು ಒಳ್ಳೇದು ಉಂಟು, ಉದ್ದ ಜಗಲಿ ಇರ್ತದೆ. ನಾವು ಜುಲೈ ಪೂರ್ತಿ ಜಗಲಿಯಲ್ಲೇ ಡ್ರಿಲ್ ಮಾಡಿಸ್ತಿದ್ದೆವು, ಮಂಡಿ ಎತ್ತಿ ಓಡುದು, ಹಿಮ್ಮಡಿ ಹಿಂದಕ್ಕೆ ತಾಗಿಸುದು, ಕೈ ಬೀಸುದು. ಮಕ್ಕಳಿಗೆ ಬೋರಾಗ್ತದೆ, ಆದ್ರೆ ಆಗಸ್ಟಿನಲ್ಲಿ ಗೊತ್ತಾಗ್ತದೆ ಯಾರು ಜಗಲಿಯಲ್ಲಿ ಬೆವರಿದ್ದು ಯಾರು ಇಲ್ಲ ಅಂತ. ಒದ್ದೆ ಟೈಲ್ಸ್ ಮೇಲೆ ಮಾತ್ರ ಬೇಡ, ಜಾರಿ ಬಿದ್ರೆ ವರ್ಷವೇ ಹೋಯ್ತು.

ಇನ್ನೊಂದು, 400 ಮೀಟರಿನ ವಿಷಯ. ಹೆಚ್ಚಿನ ಶಾಲೆಗಳಲ್ಲಿ ಜಾಗ ಸಾಲದೆ 200 ಮೀಟರಿನ ಟ್ರ್ಯಾಕ್ ಹಾಕುದು, ಅಲ್ಲಿ 400 ಅಂದ್ರೆ ಎರಡು ಸುತ್ತು. ಮಕ್ಕಳಿಗೆ ಒಂದು ಸುತ್ತು ಮುಗಿದ ಕೂಡ್ಲೇ ಅರ್ಧ ಆಯ್ತು ಅಂತ ಲೆಕ್ಕ ಸಿಗ್ತದೆ. ಜಿಲ್ಲಾ ಮಟ್ಟಕ್ಕೆ ಮಂಗಳಾ ಸ್ಟೇಡಿಯಮ್ಮಿಗೆ ಹೋದ್ರೆ ಸಿಂಥೆಟಿಕ್ ಟ್ರ್ಯಾಕು, ಒಂದೇ ಸುತ್ತು, ದೊಡ್ಡ ತಿರುವು, ಎಲ್ಲಿ ಜೋರು ಮಾಡುದು ಎಲ್ಲಿ ಉಳಿಸುದು ಗೊತ್ತಾಗದೆ 250 ಮೀಟರಿಗೇ ಕಾಲು ಸೋತು ಹೋಗ್ತದೆ. ಸಾಧ್ಯ ಆದ್ರೆ ಕೂಟಕ್ಕೆ ಮೊದಲು ಒಂದೆರಡು ಸಲ ದೊಡ್ಡ ಟ್ರ್ಯಾಕಿಗೆ ಕರ್ಕೊಂಡು ಹೋಗ್ಲಿಕ್ಕೆ ಶಾಲೆಯವರಿಗೆ ಹೇಳಿ. ಮತ್ತೆ ಶೂ ಒಳಗೆ ದಿನಾ ಪೇಪರ್ ತುರುಕಿ ಇಡಿ, ಸಾಕ್ಸ್ ಎರಡು ಜೊತೆ ಹೆಚ್ಚಿಗೆ ಇರ್ಲಿ. ಜೂನಿನಲ್ಲಿ ನಮ್ಮಲ್ಲಿ ಎಂತದೂ ಒಣಗುದಿಲ್ಲ, ಒದ್ದೆ ಸಾಕ್ಸ್ ಹಾಕಿ ಹಾಕಿ ಬೆರಳ ಸಂದಿಯಲ್ಲಿ ಹುಣ್ಣಾದ್ರೆ ಓಟ ಬಿಡಿ, ನಡೀಲಿಕ್ಕೂ ಆಗುದಿಲ್ಲ.

ಪ್ರಶ್ನೆ: ನಾವು ಹಿಂದೂಗಳು ಸಾರ್, ಮಗನ್ನ ಈ ವರ್ಷ ಕಾನ್ವೆಂಟಿಗೆ ಹಾಕಿದೀವಿ, ಸ್ಪೋರ್ಟ್ಸ್ ಚೆನ್ನಾಗಿದೆ ಅಂತ. ಮೊದಲ ದಿನನೇ ಚಾಪೆಲ್‌ನಲ್ಲಿ ಪ್ರಾರ್ಥನೆ ಇದೆಯಂತೆ, ದಿನಾ ಅಸೆಂಬ್ಲಿಲೂ ಇರತ್ತಂತೆ, ಮ್ಯಾಚಿಗೆ ಮುಂಚೆ ಟೀಮ್ ಎಲ್ಲ ಸೇರಿ ಪ್ರೇಯರ್ ಮಾಡ್ತಾರಂತೆ. ಅವನು ಮಾಡ್ಲೇಬೇಕಾ? ಮಾಡದೆ ಇದ್ರೆ ಟೀಮಿಂದ ತೆಗೀತಾರಾ?
(ಒಬ್ಬ ತಂದೆ, ಬೆಂಗಳೂರು)

ಮಾಡ್ಲೇಬೇಕು ಅಂತ ಇಲ್ಲ. ಸಂವಿಧಾನದ 28ನೇ ವಿಧಿಯ ಮೂರನೇ ಖಂಡದಲ್ಲಿ ಸ್ಪಷ್ಟ ಉಂಟು, ಸರ್ಕಾರದ ಮಾನ್ಯತೆ ಇರುವ ಅಥವಾ ಸರ್ಕಾರದ ದುಡ್ಡು ತಗೊಳ್ಳುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆ ಪ್ರಾರ್ಥನೆಗೋ ಸೇರಿಸ್ಲಿಕ್ಕೆ ಆಗುದಿಲ್ಲ, ಚಿಕ್ಕ ಮಕ್ಕಳಾದ್ರೆ ಆ ಒಪ್ಪಿಗೆ ಪೋಷಕರು ಕೊಡ್ಬೇಕು. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ಅದೂ ನಿಜ, ಎರಡೂ ಒಟ್ಟೊಟ್ಟಿಗೇ ಇರುವಂಥದ್ದು. ಹಾಗಾಗಿ ಅಡ್ಮಿಶನ್ ಫಾರ್ಮಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ ಮಾರಾಯ್ರೆ, ಫೀಸಿನ ಪೇಜ್ ಮಾತ್ರ ನೋಡಿ ಸಹಿ ಹಾಕುವವರೇ ಜಾಸ್ತಿ. ನಿಮಗೆ ಬೇಡ ಅಂತಿದ್ರೆ ಹೆಡ್‌ಮಿಸ್‌ಗೆ ಒಂದು ಪತ್ರ ಬರೆದು ಕೊಡಿ, ಜಗಳದ ಪತ್ರ ಅಲ್ಲ, ಎರಡು ಸಾಲಿನದ್ದು ಸಾಕು.

ಇನ್ನು ಪ್ರಾಕ್ಟಿಕಲ್ ಆಗಿ ಹೇಳುದಾದ್ರೆ, ಕಥೊಲಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಕ್ರಿಸ್ತರ ಮಕ್ಕಳಿಗೆ ಕ್ಯಾಟೆಕಿಸಮ್ (ಧರ್ಮೋಪದೇಶ), ಉಳಿದವರಿಗೆ ಅದೇ ಪೀರಿಯಡ್ಡಿಗೆ ಮಾರಲ್ ಸೈನ್ಸ್ ಇರ್ತದೆ. ವರ್ಷದ ಮೊದಲ ದಿನದ ಕಾರ್ಯಕ್ರಮ ಎಷ್ಟೋ ಕಡೆ ದೀಪ ಬೆಳಗಿಸಿ, ಬೈಬಲ್, ಗೀತೆ, ಕುರಾನ್ ಮೂರೂ ಓದಿಸಿ ಮಾಡ್ತಾರೆ. ಟೀಮಿನ ಪ್ರೇಯರ್ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೇನೆ, ಒಪ್ಪುದು ಬಿಡುದು ನಿಮಗೆ ಬಿಟ್ಟದ್ದು. ಕೋಚ್ ಜೋರಾಗಿ ಹೇಳಿಕೊಡುದಕ್ಕಿಂತ ಅರ್ಧ ನಿಮಿಷ ಎಲ್ಲರೂ ಸುಮ್ನೆ ನಿಂತ್ರೆ ಸಾಕು, ಯಾರ ದೇವರು ಯಾರಿಗೆ ನೆನಪಾಗ್ಬೇಕೋ ಆಗ್ತಾನೆ. ಟೀಮಿಂದ ತೆಗೆಯುದು ಆಟ ನೋಡಿ, ಪ್ರಾರ್ಥನೆ ನೋಡಿ ಅಲ್ಲ. ಹಾಗೆ ಯಾರಾದ್ರೂ ತೆಗೆದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆದು ಕೊಡಿ, ಹೆದರ್ಬೇಡಿ.

ಪ್ರಶ್ನೆ: ಮಾಸ್ಟ್ರೆ, ನಾವು ಪ್ರೇಯರ್ ಮಾಡಿಯೂ ಕಬಡ್ಡಿಯಲ್ಲಿ ಸೋತ್ವಿ. ಯಾಕೆ?
(ಐದನೇ ಕ್ಲಾಸಿನ ಹುಡುಗ, ಕಾರ್ಕಳ)

ಎದುರಿನ ಟೀಮ್ ಯಾವ ಶಾಲೆಯದ್ದು ನೋಡಿದ್ಯಾ? ಅದೂ ಕಾನ್ವೆಂಟೇ ಅಲ್ವಾ? ಅವ್ರೂ ಮಾಡಿರ್ತಾರೆ ಮಗಾ. ಮುಂದಿನ ಸಲ ಪ್ರೇಯರ್ ಜೊತೆ ಆಂಕಲ್ ಹೋಲ್ಡ್ ಕೂಡ ಪ್ರ್ಯಾಕ್ಟೀಸ್ ಮಾಡಿ ಹೋಗಿ.

ಪ್ರಶ್ನೆ: ನಮಸ್ಕಾರ ಸರ್. ನಮ್ ಹುಡುಗ ಮಿಶನ್ ಸಾಲಿಯೊಳಗ ಒಂಬತ್ತನೇತ್ತಾ, ಲಾಂಗ್ ಜಂಪ್ ಛಲೋ ಮಾಡ್ತಾನ. ಸೆಲೆಕ್ಷನ್ ಟ್ರಯಲ್ ಯಾವಾಗ್ಲೂ ಐತವಾರನ ಇಡ್ತಾರ್ರೀ. ನಾವು ಮೆಥಡಿಸ್ಟ್ ಸಭಾದವರು, ಐತವಾರ ಆರಾಧನಿ ಬಿಡಂಗಿಲ್ಲ. ಅವರಪ್ಪ ಬ್ಯಾಡ ಅಂತಾರ, ಹುಡುಗ ಅಳ್ತಾನ. ಏನ್ ಮಾಡ್ಬೇಕ್ರಿ?
(ಒಬ್ಬ ತಾಯಿ, ಬೀದರ್)

ಇದು ಹಳೇ ಜಗಳ ಅಮ್ಮಾ, ನೂರು ವರ್ಷದ್ದು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಅಂತ ಓಟಗಾರ ಇದ್ದ, ಚೀನಾದಲ್ಲಿ ಮಿಶನರಿ ಆಗಿದ್ದವರ ಮಗ, ಅಲ್ಲೇ ಹುಟ್ಟಿದವ. ಅವನ ಮುಖ್ಯ ಓಟ 100 ಮೀಟರ್, ಅದರ ಹೀಟ್ಸ್ ಭಾನುವಾರ ಬಿತ್ತು, ಅವ ಓಡುದಿಲ್ಲ ಅಂದ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ, 200ರಲ್ಲಿ ಕಂಚು ಬಂತು. ಈ ಕತೆಯನ್ನು ಚರ್ಚಿನಲ್ಲಿ ಎಲ್ಲರೂ ಹೇಳ್ತಾರೆ, ಆದ್ರೆ ಒಂದು ಮಾತು ಬಿಟ್ಟು ಹೇಳ್ತಾರೆ. ವೇಳಾಪಟ್ಟಿ ಅವನಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು, ಅಷ್ಟು ಸಮಯ ಅವ ಕೂತು ಪ್ರಾರ್ಥನೆ ಮಾತ್ರ ಮಾಡಿದ್ದಲ್ಲ, 400ಕ್ಕೆ ಬೇರೆಯೇ ತಯಾರಿ ಮಾಡಿದ. ಆಮೇಲೆ ಚೀನಾಕ್ಕೆ ವಾಪಸ್ ಹೋಗಿ ಶಾಲೆಯಲ್ಲಿ ಕಲಿಸ್ತಾ ಇದ್ದ, ಜಪಾನಿನವರ ಕ್ಯಾಂಪಿನಲ್ಲಿ ಬಂಧಿಯಾಗಿದ್ದಾಗಲೇ 1945ರಲ್ಲಿ ತೀರ್ಕೊಂಡ.

ನಿಮ್ಮ ಮನೆಗೆ ಬರುವ. ಟ್ರಯಲ್ ಎಷ್ಟು ಗಂಟೆಗೆ ಅಂತ ಜೂನಿನಲ್ಲೇ ಕೇಳಿ ಇಟ್ಕೊಳ್ಳಿ. ಬೀದರಿನ ಬಿಸಿಲಿಗೆ ಬೆಳಿಗ್ಗೆ ಬೇಗ ಇಡ್ತಾರೆ ಅಂತಿದ್ರೆ ಆರಾಧನೆಗೆ ತಡವಾಗಿ ಆದ್ರೂ ಮುಟ್ಟಬಹುದು, ಇಲ್ಲದಿದ್ರೆ ಪಾಸ್ಟರ್ ಹತ್ರ ಸಂಜೆ ಆರಾಧನೆ ಉಂಟಾ ಕೇಳಿ. ನಮ್ಮ ಕಥೊಲಿಕರಲ್ಲಿ ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೆ ಲೆಕ್ಕ ಆಗ್ತದೆ, ನಿಮ್ಮ ಸಭೆಯಲ್ಲಿ ಹೇಗೆ ಅಂತ ಪಾಸ್ಟರೇ ಹೇಳ್ಬೇಕು. ಮಿಶನ್ ಶಾಲೆಯ ಹೆಡ್‌ಮಾಸ್ಟ್ರು ಟ್ರಯಲ್ ಇಡುವವರಿಗೆ ಒಂದು ಪತ್ರ ಬರೆದ್ರೆ, ಲಾಂಗ್ ಜಂಪ್ ಒಂದು ಐಟಮನ್ನು ಶನಿವಾರಕ್ಕೆ ಹಾಕ್ಲಿಕ್ಕೆ ಕಷ್ಟ ಏನಿಲ್ಲ, ಮರಳಿನ ಹೊಂಡ ಎಲ್ಲಿಗೂ ಓಡಿ ಹೋಗುದಿಲ್ಲ. ಇಷ್ಟೆಲ್ಲ ಮಾಡಿಯೂ ಆಗದಿದ್ರೆ ಆಗ ನಿರ್ಧಾರ ಮಾಡಿ. ಆದ್ರೆ ಒಂದು, ಲಿಡೆಲ್ ತನ್ನ ನಿರ್ಧಾರ ತಾನೇ ಮಾಡಿದ್ದು, ಆಗ ಅವನಿಗೆ 22 ವರ್ಷ. ನಿಮ್ಮ ಹುಡುಗನಿಗೆ 14. ಅಪ್ಪನ ನಂಬಿಕೆಯ ಭಾರವನ್ನು ಅವನ ತಲೆ ಮೇಲೆ ಹಾಕುವ ಮೊದಲು ಅವನ ಹತ್ರ ಕೂತು ಒಮ್ಮೆ ಮಾತಾಡ್ಲಿಕ್ಕೆ ಅವರಪ್ಪನಿಗೆ ಹೇಳಿ.

ಪ್ರಶ್ನೆ: ಮಗ ಹಾಕಿ ಪ್ಲೇಯರ್, ಈ ವರ್ಷ ಎಸ್ಸೆಸ್ಸೆಲ್ಸಿ. ಸ್ಕೂಲಲ್ಲಿ ಫಾದರ್ ಈ ಒಂದು ವರ್ಷ ಸ್ಟಿಕ್ ಮುಟ್ಟಬೇಡ ಅಂದಿದ್ದಾರೆ. ಅವನು ಊಟಾನೇ ಬಿಟ್ಟಿದ್ದಾನೆ. ನೀವೇನು ಹೇಳ್ತೀರಿ?
(ಒಬ್ಬರು, ವಿರಾಜಪೇಟೆ)

ಕೊಡಗಿನಲ್ಲಿ ಹುಡುಗನ ಕೈಯಿಂದ ಹಾಕಿ ಸ್ಟಿಕ್ ಕಿತ್ಕೊಳ್ಳುದಾ? ಫಾದರ್ ಹೊರಗಿನವರು ಇರ್ಬೇಕು.

ತಮಾಷೆ ಬಿಡಿ, ಅವರ ಹೆದರಿಕೆಯೂ ಅರ್ಥ ಆಗ್ತದೆ, ರಿಸಲ್ಟ್ ಬಂದಾಗ ಕೇಳುದು ಅವರನ್ನೇ. ಆದ್ರೆ ನಾನು ನೋಡಿದ ಹಾಗೆ ಆಟ ನಿಲ್ಲಿಸಿದ ಮಕ್ಕಳು ಆ ಎರಡು ಗಂಟೆ ಓದುದಿಲ್ಲ, ಮೊಬೈಲ್ ನೋಡ್ತಾರೆ, ರಾತ್ರಿ ನಿದ್ದೆ ಬರುದಿಲ್ಲ, ಬೆಳಿಗ್ಗೆ ಏಳುದಿಲ್ಲ. ನನ್ನ ಪ್ಲ್ಯಾನ್ ಹೀಗೆ. ಜೂನ್ ತಿಂಗಳು ಹಾಕಿಗೆ ರಜೆ ಕೊಡಿ, ಹೌದು, ಇಲ್ಲಿ ನಾನು ಫಾದರ್ ಪಾರ್ಟಿ. ಯಾಕಂದ್ರೆ ನಿಮ್ಮಲ್ಲಿ ಏಪ್ರಿಲ್ ಮೇ ಅಂದ್ರೆ ಕೊಡವ ಕುಟುಂಬಗಳ ಹಾಕಿ ಉತ್ಸವ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, ಹುಡುಗ ತನ್ನ ಮನೆತನಕ್ಕೆ ಆಡಿರ್ತಾನೆ, ಅದು ಮುಗಿದ ಕೂಡ್ಲೇ ಶಾಲೆ. ಬಂಟ್ವಾಳದ ಹುಡುಗಿ ರಜೆಯಲ್ಲಿ ಮಲಗಿದ್ಲು, ಅವಳನ್ನು ಏಳಿಸ್ಬೇಕು. ನಿಮ್ಮವ ರಜೆ ಪೂರ್ತಿ ಆಡಿದ್ದಾನೆ, ಅವನಿಗೆ ರೆಸ್ಟ್ ಬೇಕು. ಶಾಲೆಯವರು ಇಬ್ಬರಿಗೂ ಒಂದೇ ಜೂನ್ 1 ಅಂತ ನೋಡ್ತಾರೆ, ಮೈ ಹಾಗೆ ನೋಡುದಿಲ್ಲ.

ಜುಲೈಯಿಂದ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೂಕಾಲು ಗಂಟೆ. ಕೂಟಗಳ ಸೀಸನ್ ಮುಗಿದ ಮೇಲೆ ವಾರಕ್ಕೆ ಎರಡು ದಿನ, ಫಿಟ್‌ನೆಸ್‌ಗೆ ಮಾತ್ರ. ಪ್ರಿಪರೇಟರಿ ಶುರುವಾದ ಮೇಲೆ ಬರೀ ಸಂಜೆ ಓಟ. ಹಾಜರಾತಿ 75 ಪರ್ಸೆಂಟ್ ಬೇಕು, ಕ್ಯಾಂಪು ಟೂರ್ನಮೆಂಟು ಅಂತ ಹೋದ ದಿನಗಳಿಗೆ ಓ.ಡಿ. (ಆನ್ ಡ್ಯೂಟಿ) ಪತ್ರ ಅಲ್ಲಲ್ಲೇ ತಗೊಂಡು ಫೈಲ್ ಮಾಡಿ, ಮಾರ್ಚಿನಲ್ಲಿ ಹುಡುಕಿದ್ರೆ ಸಿಗುದಿಲ್ಲ. 2023-24ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಮಾಡಿದ್ದಾರೆ, ಅದನ್ನು ಹುಡುಗನಿಗೆ ಹೇಳ್ಬೇಡಿ, ನೀವು ತಿಳ್ಕೊಂಡು ಧೈರ್ಯವಾಗಿರಿ. ಸ್ಪೋರ್ಟ್ಸ್ ಕೋಟಾ ಉಂಟಲ್ಲ ಅಂತ ಕೆಲವರು ಹೇಳ್ತಾರೆ, ಅದು ಸರ್ಟಿಫಿಕೇಟ್ ಯಾವ ಮಟ್ಟದ್ದು ಅನ್ನುದರ ಮೇಲೆ ಹೋಗ್ತದೆ, ತಾಲ್ಲೂಕಿನ ಸರ್ಟಿಫಿಕೇಟಿಗೆ ಫ್ರೇಮ್ ಹಾಕ್ಲಿಕ್ಕೆ ಅಡ್ಡಿಯಿಲ್ಲ, ಸೀಟ್ ಸಿಗುದಿಲ್ಲ.

ಪ್ರಶ್ನೆ: ಸರ್, ನಾನೇ ಬರೀತಾ ಇದ್ದೇನೆ, ಅಮ್ಮನಿಗೆ ಗೊತ್ತಿಲ್ಲ. ಒಂಬತ್ತನೇ ಕ್ಲಾಸ್, ಥ್ರೋಬಾಲ್ ಟೀಮಿನಲ್ಲಿದ್ದೇನೆ. ಪೀರಿಯಡ್ಸ್ ಟೈಮಲ್ಲಿ ತುಂಬಾ ಸುಸ್ತಾಗ್ತದೆ, ಪಿಟಿ ಸರ್ ಹತ್ರ ಹೇಳ್ಲಿಕ್ಕೆ ನಾಚಿಕೆ. ಸ್ಕೂಲಲ್ಲಿ ಸ್ಕರ್ಟಿನಲ್ಲೇ ಆಡ್ಬೇಕು ಅಂತ ರೂಲ್ಸ್ ಬೇರೆ.
(ವಿದ್ಯಾರ್ಥಿನಿ, ಉಡುಪಿ ಜಿಲ್ಲೆ)

ಮಗಳೇ, ನೀನು ಬರೆದದ್ದು ಒಳ್ಳೇದಾಯ್ತು, ಇದು ಇಡೀ ಟೀಮಿನ ಅರ್ಧ ಮಕ್ಕಳ ಪ್ರಶ್ನೆ. ಪಿಟಿ ಸರ್‌ಗೆ ಹೇಳ್ಲಿಕ್ಕೆ ಆಗದಿದ್ರೆ ಕ್ಲಾಸ್ ಟೀಚರಿಗೋ ಒಬ್ಬ ಸಿಸ್ಟರಿಗೋ ಹೇಳು, ಇವತ್ತು ಲೈಟ್ ಪ್ರ್ಯಾಕ್ಟೀಸ್ ಅಂತ ಒಂದೇ ಮಾತು ಅವರು ಸರ್‌ಗೆ ಮುಟ್ಟಿಸಿದ್ರೆ ಸಾಕು, ಕಾರಣ ಕೇಳುವ ಮಾಸ್ಟ್ರು ಮಾಸ್ಟ್ರೇ ಅಲ್ಲ. ಆ ದಿನಗಳಲ್ಲಿ ಆಡ್ಬಾರ್ದು ಅಂತೇನೂ ಇಲ್ಲ, ಆಗ್ತದೆ ಅಂತಾದ್ರೆ ಆಡು, ಆಗದಿದ್ರೆ ಕೂತ್ಕೋ.

ತುಂಬಾ ಸುಸ್ತು ಅಂದಿ ಅಲ್ವಾ, ಅಮ್ಮನಿಗೆ ಹೇಳಿ ಪ್ರೈಮರಿ ಹೆಲ್ತ್ ಸೆಂಟರಿನಲ್ಲಿ ಒಮ್ಮೆ ಹಿಮೋಗ್ಲೋಬಿನ್ ನೋಡಿಸು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಕಾರ್ಯಕ್ರಮ ಉಂಟು, 60 ಮಿಲಿಗ್ರಾಮ್ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಸಿಡ್. ಹೊಟ್ಟೆ ತೊಳಸ್ತದೆ ಅಂತ ಮಕ್ಕಳು ಅದನ್ನು ಕಿಟಕಿಯಿಂದ ಹೊರಗೆ ಎಸೀತಾರೆ, ನಮ್ಮ ಶಾಲೆಯ ಕಿಟಕಿ ಕೆಳಗಿನ ಕ್ರೋಟನ್ ಗಿಡದ ಬುಡದಲ್ಲಿ ನೀಲಿ ನೀಲಿ ಬಿದ್ದಿರ್ತಿತ್ತು. ಊಟ ಆದ ಮೇಲೆ ತಗೋ, ಖಾಲಿ ಹೊಟ್ಟೆಗೆ ಬೇಡ, ಕೂಡ್ಲೇ ಚಾ ಕುಡೀಬೇಡ, ಮೇಲಿಂದ ಒಂದು ಲಿಂಬೆ ಶರಬತ್ತು ಕುಡಿ.

ಸ್ಕರ್ಟ್ ವಿಷಯಕ್ಕೆ ನೀನು ಒಬ್ಬಳೇ ಹೋಗ್ಬೇಡ, ಟೀಮ್ ಪೂರ್ತಿ ಸೇರಿ ಜೂನಿನಲ್ಲೇ, ಅಂದ್ರೆ ಸ್ಪೋರ್ಟ್ಸ್ ಡ್ರೆಸ್ ಹೊಲಿಸ್ಲಿಕ್ಕೆ ಕೊಡುವ ಮೊದಲೇ, ಹೆಡ್‌ಮಿಸ್ ಹತ್ರ ಟ್ರ್ಯಾಕ್ ಪ್ಯಾಂಟ್ ಕೇಳಿ. ಬಟ್ಟೆ ಬಂದ ಮೇಲೆ ಕೇಳಿದ್ರೆ ಯಾವ ಶಾಲೆಯೂ ಬದಲಾಯಿಸುದಿಲ್ಲ. ಈ ಪತ್ರ ಓದ್ತಿರುವ ಸಿಸ್ಟರ್‌ಗಳಿಗೆ ನನ್ನ ಒಂದು ಮಾತು, ಸ್ಕರ್ಟ್ ಎಳ್ಕೊಂಡು ಎಳ್ಕೊಂಡು ಆಡುವ ಹುಡುಗಿ ಬಾಲ್ ನೋಡುದು ಯಾವಾಗ?

ಪ್ರಶ್ನೆ: ಮಗನಿಗೆ 13, ಬ್ಯಾಸ್ಕೆಟ್‌ಬಾಲ್ ಆಡ್ತಾನೆ, ಮಂಡಿ ಚಿಪ್ಪಿನ ಕೆಳಗೆ ಗಂಟು ಥರ ಎದ್ದಿದೆ, ಮುಟ್ಟಿದ್ರೆ ನೋವು. ಎಣ್ಣೆ ಹಚ್ಚಿ ತಿಕ್ಕಿಸ್ತಾ ಇದ್ದೀವಿ.
(ಮೈಸೂರು)

ತಿಕ್ಕುದನ್ನು ಇವತ್ತೇ ನಿಲ್ಲಿಸಿ. ಬೇಗ ಬೇಗ ಎತ್ತರ ಬೆಳೆಯುವ ವಯಸ್ಸಿನಲ್ಲಿ, ಜಿಗಿಯುವ ಆಟ ಆಡುವ ಮಕ್ಕಳಿಗೆ ಇದು ಬರ್ತದೆ, ಆಸ್‌ಗುಡ್ ಶ್ಲಾಟರ್ ಅಂತ ಡಾಕ್ಟರು ಹೇಳ್ತಾರೆ. ತೊಡೆಯ ಸ್ನಾಯು ಮಂಡಿ ಕೆಳಗಿನ ಎಳೆ ಎಲುಬನ್ನು ಎಳೆದು ಎಳೆದು ಆಗುದು. ಹೆಚ್ಚಿನವರಿಗೆ ಬೆಳವಣಿಗೆ ನಿಂತಾಗ ತಾನಾಗಿ ಕಡಿಮೆಯಾಗ್ತದೆ. ಅದೇನಾ ಅಂತ ಆರ್ಥೋ ಡಾಕ್ಟರ್ ನೋಡಿ ಹೇಳ್ಲಿ, ನಾನು ಡಾಕ್ಟರ್ ಅಲ್ಲ. ಅಲ್ಲಿವರೆಗೆ ಜಿಗಿತ ಕಡಿಮೆ, ಬಟ್ಟೆಯಲ್ಲಿ ಸುತ್ತಿದ ಐಸ್, ಮತ್ತೆ ಕೋಚ್‌ಗೆ ಹೇಳಿ. ಮುಚ್ಚಿಟ್ಟು ಆಡಿಸ್ಬೇಡಿ.

ಪ್ರಶ್ನೆ: ಜಿಮ್ಮಿಗೆ ಹೋಗೋ ಪಕ್ಕದ್ಮನೆ ಹುಡುಗ ಹೇಳ್ದ ಅಂತ ನಮ್ಮ ಹುಡುಗ ಪ್ರೋಟೀನ್ ಪೌಡರ್ ಕೇಳ್ತಿದಾನೆ, ಒಂದು ಡಬ್ಬಕ್ಕೆ ಮೂರು ಸಾವಿರ. ಹತ್ತನೇ ಕ್ಲಾಸ್, ಕ್ರಿಕೆಟ್ ಟೀಮಲ್ಲಿದಾನೆ. ಕೊಡಿಸ್ಲಾ?
(ಶಿವಮೊಗ್ಗ)

ಬೇಡ. ಮೂರು ಸಾವಿರಕ್ಕೆ ಎಷ್ಟು ಮೊಟ್ಟೆ ಬರ್ತದೆ ಲೆಕ್ಕ ಹಾಕಿ, ಒಂದು ಮೊಟ್ಟೆಯಲ್ಲಿ ಹೆಚ್ಚುಕಡಿಮೆ 6 ಗ್ರಾಮ್ ಪ್ರೋಟೀನ್ ಉಂಟು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಕಾಳಿನ ಸಾರು, ಸಂಜೆ ಪ್ರ್ಯಾಕ್ಟೀಸ್ ಮುಗಿದ ಕೂಡ್ಲೇ ಒಂದು ಹಿಡಿ ಶೇಂಗಾ ಬೆಲ್ಲ ಬಾಳೆಹಣ್ಣು, ರಾತ್ರಿ ಮನೆಯಲ್ಲಿ ಏನುಂಟೋ ಅದು ಹೊಟ್ಟೆ ತುಂಬ. ಪರಿಚಯದ ಮಕ್ಕಳು ಅನುದಾನಿತ ಶಾಲೆಯಲ್ಲಿದ್ರೆ ಅಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಸಿಗ್ತದೆ, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡಿನಿಂದ ಅದು ವಾರಕ್ಕೆ ಆರು ದಿನದವರೆಗೂ ಆಗಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಪೌಡರಿಗಿಂತ ಮೊದಲು ನಿದ್ದೆ ನೋಡಿ, ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು, ರಾತ್ರಿ ಹನ್ನೊಂದೂವರೆಗೆ ರೀಲ್ಸ್ ನೋಡುವವನಿಗೆ ಯಾವ ಡಬ್ಬವೂ ಹತ್ತುದಿಲ್ಲ.

ಪ್ರಶ್ನೆ: ಸುಮ್ನೆ ಕುತೂಹಲಕ್ಕೆ. ಕ್ರಿಶ್ಚಿಯನ್ ಶಾಲೆಗಳಲ್ಲಿ ಯಾಕೆ ಸ್ಪೋರ್ಟ್ಸ್‌ಗೆ ಅಷ್ಟು ಮಹತ್ವ? ಬೈಬಲ್ಲಿಗೂ ಬ್ಯಾಸ್ಕೆಟ್‌ಬಾಲಿಗೂ ಏನು ಸಂಬಂಧ?
(ತುಮಕೂರು)

ಸಂಬಂಧ ಉಂಟು ಸ್ವಾಮಿ, ನೀವು ತಮಾಷೆಗೆ ಕೇಳಿದ್ದೀರಿ, ಆದ್ರೆ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಕ್ರೈಸ್ತ ಸಂಸ್ಥೆಯಲ್ಲಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಅಂತ ಮಾಸ್ಟ್ರು, ಚಳಿಗಾಲದಲ್ಲಿ ಹೊರಗೆ ಹೋಗ್ಲಿಕ್ಕಾಗದೆ ಒಳಗೇ ಗಲಾಟೆ ಮಾಡ್ತಿದ್ದ ಹುಡುಗರಿಗೆ ಅಂತ ಪೀಚ್ ಹಣ್ಣಿನ ಬುಟ್ಟಿ ಮೇಲೆ ಕಟ್ಟಿ 13 ನಿಯಮ ಬರೆದು ಆಡಿಸಿದ್ದು. ವಾಲಿಬಾಲ್ ಕೂಡ ವೈಎಂಸಿಎದ್ದೇ, ವಿಲಿಯಂ ಮಾರ್ಗನ್, 1895. ನಮ್ಮ ಕರಾವಳಿ ಶಾಲೆಗಳಿಗೆ ಚಳಿಯ ಬದಲು ಮಳೆ ಅಷ್ಟೇ, ಸಮಸ್ಯೆ ಅದೇ.

ಇನ್ನು ಪಿಟಿ ಮಾಸ್ಟ್ರು ಅನ್ನುವ ಕೆಲಸಕ್ಕೆ ನಮ್ಮ ದೇಶದಲ್ಲಿ ಟ್ರೈನಿಂಗ್ ಕೊಟ್ಟ ಹಳೇ ಕಾಲೇಜು ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು, ಹ್ಯಾರಿ ಕ್ರೋ ಬಕ್ ಅಂತ ಅಮೆರಿಕದವರು 1920ರಲ್ಲಿ ಶುರು ಮಾಡಿದ್ದು. ಬೈಬಲ್ಲಿನಲ್ಲೂ ಉಂಟು, ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಓಟದ ಪಂದ್ಯದ ಮಾತು ಬರ್ತದೆ, ಓಡುವವರು ಎಲ್ಲರೂ, ಬಹುಮಾನ ಒಬ್ಬನಿಗೆ ಅಂತ. ಕೊರಿಂಥದ ಹತ್ರವೇ ಹಳೇ ಗ್ರೀಕರ ಇಸ್ತ್‌ಮಿಯನ್ ಕ್ರೀಡೆಗಳು ನಡೀತಾ ಇದ್ದದ್ದರಿಂದ ಅಲ್ಲಿನವರಿಗೆ ಅದು ಬೇಗ ತಲೆಗೆ ಹೋಗಿರ್ಬೇಕು. ಸ್ಪೋರ್ಟ್ಸ್ ಡೇ ಭಾಷಣಕ್ಕೆ ಬಂದ ಬಿಷಪರೆಲ್ಲ ಆ ವಾಕ್ಯ ಬಿಟ್ಟು ಮಾತಾಡಿದ್ದು ನಾನು ಕೇಳಿಲ್ಲ.

ಬೆಂಗಳೂರಿನಲ್ಲಿ 1858ರ ಸೇಂಟ್ ಜೋಸೆಫ್ಸ್, 1865ರ ಬಿಷಪ್ ಕಾಟನ್ ಇಂಥ ಶಾಲೆಗಳಿಗೆ ಬ್ರಿಟಿಷರ ಕಾಲದಿಂದಲೂ ದೊಡ್ಡ ಮೈದಾನ ಸಿಕ್ಕಿತು, ಅದು ದೊಡ್ಡ ಅನುಕೂಲ. ರಾಹುಲ್ ದ್ರಾವಿಡ್ ಜೋಸೆಫ್ಸ್ ಹುಡುಗ ಅಂತ ನಿಮಗೆ ಗೊತ್ತೇ ಇರ್ತದೆ. ಆದ್ರೆ ಹಳ್ಳಿ ಕಡೆಯ ಚರ್ಚ್ ಶಾಲೆಗೆ ಅಷ್ಟು ಜಾಗ ಎಲ್ಲಿಂದ, ಮುರಕಲ್ಲಿನ ಗುಡ್ಡ ಕಡಿದು ಮಾಡಿದ ಅಂಗಳ, ಒಂದು ಬದಿ ಚರ್ಚಿನ ಸ್ಮಶಾನ, ಇನ್ನೊಂದು ಬದಿ ಅಡಿಕೆ ತೋಟ. ಬಾಲ್ ಯಾವ ಬದಿಗೆ ಹೋದ್ರೂ ಬೈಗುಳ.

ಪ್ರಶ್ನೆ: ಸರ್, ನಾನು ಹೊಸದಾಗಿ ಸೇರಿರೋ ದೈಹಿಕ ಶಿಕ್ಷಕ, ಚರ್ಚ್ ಆಡಳಿತದ ಶಾಲೆ, 600 ಮಕ್ಕಳಿಗೆ ನಾನೊಬ್ಬನೇ. ಮ್ಯಾನೇಜ್ಮೆಂಟಿಗೆ ಮೆಡಲ್ ಬೇಕು. ಜೂನಿನಲ್ಲಿ ಮೊದಲು ಏನು ಮಾಡ್ಲಿ?
(ಗದಗ)

ಮೊದಲು ಕಾಗದ, ಆಮೇಲೆ ಮೈದಾನ. ನಗ್ಬೇಡಿ. ಮಕ್ಕಳು ಸೋಲುದು ಓಡಿ ಮಾತ್ರ ಅಲ್ಲ, ದಾಖಲೆಯಲ್ಲೂ ಸೋಲ್ತಾರೆ. 14ರ ಒಳಗೆ, 17ರ ಒಳಗೆ ಅಂತ ವಯೋಮಿತಿ ಉಂಟಲ್ಲ, ಪ್ರತಿ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ) ಮೂರರಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಉಂಟಾ ಅಂತ ಜೂನ್ ಮೊದಲ ಹದಿನೈದು ದಿನದಲ್ಲೇ ನೋಡಿ. ಒಂದು ಕಡೆ ಅಪ್ಪನ ಹೆಸರು ಮುಂದೆ, ಒಂದು ಕಡೆ ಹಿಂದೆ, ಕ್ರಿಸ್ತರ ಮಕ್ಕಳಿಗೆ ಜ್ಞಾನಸ್ನಾನದ ಹೆಸರು ಬೇರೆ ಕರೆಯುವ ಹೆಸರು ಬೇರೆ, ಇದೆಲ್ಲ ಜಿಲ್ಲಾ ಮಟ್ಟದಲ್ಲಿ ಪ್ರೊಟೆಸ್ಟ್ ಬಂದಾಗಲೇ ಹೊರಗೆ ಬರುದು, ಗೆದ್ದ ಮಗು ಅಳ್ತಾ ನಿಂತಿರ್ತದೆ. ವಯಸ್ಸು ಕಡಿಮೆ ಮಾಡಿ ಕಳಿಸಿ ಅಂತ ಯಾರಾದ್ರೂ ಒತ್ತಡ ಹಾಕಿದ್ರೆ, ಅದು ಪಾದ್ರಿಯಾದ್ರೂ ಸರಿ ಪೇರೆಂಟ್ ಆದ್ರೂ ಸರಿ, ಸಹಿ ಹಾಕ್ಬೇಡಿ. ನಿಮ್ಮ ಸಹಿ, ನಿಮ್ಮ ಕೆಲಸ.

ಎರಡನೇದು, ಎಲ್ಲಾ 600 ಮಕ್ಕಳನ್ನು ಒಮ್ಮೆ ಓಡಿಸಿ ನೋಡಿ, 50 ಮೀಟರ್ ಸಾಕು, ಜೊತೆಗೆ ನಿಂತಲ್ಲಿಂದ ಜಿಗಿತ. ಕಳೆದ ವರ್ಷದ ಟೀಮನ್ನೇ ಕರೆದ್ರೆ ಹೊಸಬರು ಬೆಂಚಿನಲ್ಲೇ ಉಳೀತಾರೆ. ಕ್ಲಾಸ್ ಟೀಚರ್‌ಗಳ ಸಹಾಯ ಕೇಳಿ, ಗಣಿತದ ಟೀಚರ್ ಸ್ಟಾಪ್‌ವಾಚ್ ಹಿಡಿದ್ರೆ ಅವರಿಗೂ ಆಮೇಲೆ ಆ ಮಕ್ಕಳ ಮೇಲೆ ಒಂದು ಪ್ರೀತಿ ಬರ್ತದೆ, ಕ್ಲಾಸ್ ತಪ್ಪಿಸಿದ್ದಕ್ಕೆ ಬೈಯುದು ಕಡಿಮೆಯಾಗ್ತದೆ.

ಮೂರನೇದು ಟ್ರ್ಯಾಕ್ ಮಾರ್ಕಿಂಗ್. ಹೊಸ ಮಾಸ್ಟ್ರುಗಳು ಪುಸ್ತಕ ನೋಡಿ ಎರಡನೇ ಲೇನಿಗೆ ಒಂದು ಸುತ್ತಿನ ಸ್ಟ್ಯಾಗರ್, ಅಂದ್ರೆ ಹೊರಗಿನ ಲೇನಿನವರನ್ನು ಮುಂದಕ್ಕೆ ನಿಲ್ಲಿಸುವ ಅಂತರ, 7.04 ಮೀಟರ್ ಅಂತ ಹಾಕ್ತಾರೆ. ಅದು ಒಳಗಡೆ ಎತ್ತರದ ಕರ್ಬ್ (ಕಟ್ಟಿದ ಅಂಚು) ಇದ್ದು ಲೇನ್ 1.22 ಮೀಟರ್ ಇದ್ದಾಗ. ನಮ್ಮದು ಬರೀ ಸುಣ್ಣದ ಗೆರೆ, ಆಗ ಒಂದನೇ ಲೇನನ್ನೂ 20 ಸೆಂಟಿಮೀಟರ್ ಬಿಟ್ಟೇ ಅಳೀಬೇಕು, ಸ್ಟ್ಯಾಗರ್ 7.67 ಆಗ್ತದೆ. ಟ್ರ್ಯಾಕ್ 200 ಇರ್ಲಿ 400 ಇರ್ಲಿ, ಒಂದು ಪೂರ್ತಿ ಸುತ್ತಿಗೆ ಅಷ್ಟೇ. ಅರವತ್ತು ಚಿಲ್ಲರೆ ಸೆಂಟಿಮೀಟರ್ ಅಂದ್ರೆ ಮಕ್ಕಳ 200 ಮೀಟರ್ ಓಟದಲ್ಲಿ ಒಂದು ಸ್ಥಾನ.

ಮೆಡಲ್ ವಿಷಯ ಕೊನೆಗೆ. ಮ್ಯಾನೇಜ್ಮೆಂಟ್ ಮೀಟಿಂಗಿನಲ್ಲಿ ಕೇಳಿದ್ರೆ ನೀವೂ ಕೇಳಿ, ಫಸ್ಟ್ ಏಡ್ ಬಾಕ್ಸ್, ಎರಡು ವಾಲಿಬಾಲ್ ನೆಟ್, ಲಾಂಗ್ ಜಂಪಿಗೆ ಎರಡು ಲೋಡ್ ಮರಳು, ಹುಡುಗಿಯರ ಜೊತೆ ಹೋಗ್ಲಿಕ್ಕೆ ಒಬ್ಬ ಟೀಚರ್. ಇದನ್ನು ಬರವಣಿಗೆಯಲ್ಲಿ ಕೊಟ್ಟು ಅವರ ಸಹಿ ತಗೊಳ್ಳಿ.

ಪ್ರಶ್ನೆ: ಮಳೆಗೆ ಡಿಸಿ ರಜೆ ಕೊಟ್ಟ ದಿನ ನಮ್ಮ ಶಾಲೆಯಲ್ಲಿ ಸ್ಪೋರ್ಟ್ಸ್ ಮಕ್ಕಳನ್ನು ಮಾತ್ರ ಬರ್ಲಿಕ್ಕೆ ಹೇಳ್ತಾರೆ, ಜಗಲಿಯಲ್ಲೇ ಪ್ರ್ಯಾಕ್ಟೀಸ್ ಅಲ್ವಾ ಅಂತ. ಕಳಿಸ್ಬಹುದಾ?
(ಪುತ್ತೂರು)

ಕಳಿಸ್ಬೇಡಿ. ಜಗಲಿ ಶಾಲೆಯಲ್ಲಿ ಉಂಟು, ಮಗು ಬರುದು ತೋಡು ದಾಟಿ. ಆ ರಜೆಗೆ ಬದಲಾಗಿ ಹೇಗೂ ಶನಿವಾರ ಪೂರ್ತಿ ದಿನ ಶಾಲೆ ಇಡ್ತಾರೆ, ಪ್ರ್ಯಾಕ್ಟೀಸನ್ನೂ ಅವತ್ತು ಸಂಜೆಗೆ ಇಟ್ಕೊಳ್ಳಿ ಅಂತ ಹೇಳಿ.